ಕಿಯಾಂತಿ ಎಂಬ ಹೆಸರಿನ ಚರಿತ್ರೆ

ಶಬ್ದವು ಅರ್ಥವನ್ನು ತಿಳಿಸುವ ಬಗೆಗಳಲ್ಲಿ ಯೌಗಿಕ, ರೂಢ, ಯೋಗರೂಢ ಎಂಬ ಮೂರನ್ನು ನಮ್ಮ ಶಾಸ್ತ್ರಕಾರರು ಮುಖ್ಯವಾಗಿ ಎಣಿಸಿದ್ದಾರೆ. ಅಡುಗೆಮಾಡುವವನು ‘ಪಾಚಕ’ನು, ಇಲ್ಲಿ ಶಬ್ದದ ಅವಯವಗಳೇ ಅರ್ಥವನ್ನು ಹೇಳುತ್ತವೆಯಾದ್ದರಿಂದ ಇದು ಯೌಗಿಕ. ‘ಮಂಡಪ’ವೆಂಬುದಕ್ಕೆ ಅವಯವಗಳ ಅರ್ಥವನ್ನು ಹಿಡಿದರೆ ಗಂಜಿಯ ತಿಳಿಯನ್ನು ಕುಡಿಯುವವನೆಂದಾಗಬೇಕು, ಲೋಕವಾದರೋ ಆ ಹೆಸರಿನಿಂದ ಕಂಬಗಳುಳ್ಳ ಕಟ್ಟಡವನ್ನು ಕರೆಯುತ್ತದೆ, ಇದು ರೂಢ. ಕೆಸರಿನಲ್ಲಿ ಹುಟ್ಟಿದ್ದು ‘ಪಂಕಜ’. ಆದರೂ ಕೆಸರಿನಲ್ಲಿ ಹುಟ್ಟಿದ್ದೆಲ್ಲವೂ ಪಂಕಜವಲ್ಲ, ತಾವರೆಯೊಂದೇ ಪಂಕಜ. ಅವಯವಾರ್ಥವೂ ಲೋಕರೂಢಿಯೂ ಇಲ್ಲಿ ಕೈಗೂಡಿವೆಯಾದ್ದರಿಂದ ಇದು ಯೋಗರೂಢ. ಇಟಲಿ ದೇಶದ ಒಂದು ಕೆಂಪು ದ್ರಾಕ್ಷಾಮದ್ಯದ ಹೆಸರು ಮೂರು ಶತಮಾನಗಳಲ್ಲಿ ಈ ಮೂರು ಅವಸ್ಥೆಗಳನ್ನೂ ದಾಟಿಬಂದಿತು. ಆ ಹೆಸರು ಕಿಯಾಂತಿ. ಅದರ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪಾಠಶಾಲೆಯಲ್ಲಿ ಓದಿ ಹುಡುಗರಿಗೆ ಪಾಠ ಹೇಳಿ ಮುದುಕನಾದವನಿಗೆ ಮದ್ಯದ ಮಾತೇಕೆಂದು ಕೆಲವರು ಕೇಳಬಹುದು. ಪಾನವನ್ನು ಹೊಗಳುವುದಾಗಲಿ ತೆಗಳುವುದಾಗಲಿ ಇಲ್ಲಿಯ ಪ್ರಸಂಗವಲ್ಲ. ಒಂದು ಪದಾರ್ಥವನ್ನು ನ್ಯಾಯವಾದ ಬೆಲೆಗೆ ಕೊಳ್ಳಬೇಕೆನ್ನುವವನು ಯಾವುದನ್ನು ನಂಬಬೇಕು, ಹೆಸರನ್ನೋ ವಸ್ತುವನ್ನೋ ಎಂಬುದು ಅಕ್ಕಿ, ತುಪ್ಪ, ರೇಷ್ಮೆ, ಶ್ರೀಗಂಧಗಳ ವಿಷಯದಲ್ಲಿಯೂ ಪ್ರತಿ ಮನೆಯಲ್ಲಿ ಏಳುವ ಪ್ರಶ್ನೆ. ಆ ಪ್ರಶ್ನೆಗೆ ಕಿಯಾಂತಿಯ ಕಥೆಯಷ್ಟು ವಿಶದವಾದ ನಿದರ್ಶನವು ಬೇರೆಡೆ ಸಿಕ್ಕುವುದು ದುರ್ಲಭ.

ಮದ್ಯವನ್ನು ಊರಿನ ಹೆಸರಿನಿಂದ ಕರೆಯುವ ಪದ್ಧತಿ ಯೂರೋಪಿನವರ ಸ್ವತ್ತೆಂದು ತಿಳಿಯಬೇಕಾದುದಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಸುರಾಧ್ಯಕ್ಷಪ್ರಕರಣದಲ್ಲಿ ದ್ರಾಕ್ಷಿಯ ರಸವೇ ‘ಮಧು’ವೆಂದು ಹೇಳಿ, ಅದು ಹುಟ್ಟಿದ ದೇಶದಿಂದಲೇ ಅದಕ್ಕೆ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳು ಬಂದುವೆಂದು ವಿವರಿಸಿದ್ದಾನೆ. ಇಂದಿನ ಕಾಬೂಲಿನ ಉತ್ತರಕ್ಕಿದ್ದ ಕಾಪಿಶಿಯೆಂಬ ನಗರದ ಹೆಸರಿನಿಂದ ‘ಕಾಪಿಶಾಯನ’ ಶಬ್ದವನ್ನು ಸಾಧಿಸುವುದಕ್ಕೆ ಪಾಣಿನಿಯು ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ರಚಿಸಿದ್ದಾನೆ. ಕಾಶಿಕಾವೃತ್ತಿಯು ಅದಕ್ಕೆ ಕೊಡುವ ಉದಾಹರಣೆಗಳು ಮಧುವೂ ದ್ರಾಕ್ಷಿಯೂ. ಇತ್ತ ಇಟಲಿಯ ಮದ್ಯವೂ ಭರತಖಂಡಕ್ಕೆ ಹೊಸದಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ನೌಕಾಗ್ರಂಥವು ಭರುಕಚ್ಛದ ಬಂದರಿನಲ್ಲಿ ಇಳಿಯುತ್ತಿದ್ದ ಸರಕುಗಳನ್ನು ಎಣಿಸುವಾಗ ಮದ್ಯಗಳಲ್ಲಿ ಇಟಲಿಯದಕ್ಕೇ ಅಗ್ರಸ್ಥಾನವನ್ನು ಕೊಟ್ಟಿದೆ. ಪುದುಚ್ಚೇರಿಯ ಬಳಿಯ ಅರಿಕಮೇಡಿನಲ್ಲಿ ೧೯೪೫ರಲ್ಲಿ ನಡೆದ ಉತ್ಖನನದಲ್ಲಿ ಆ ಮದ್ಯವನ್ನು ತುಂಬಿ ತಂದ ಎರಡು ಕಿವಿಯ ಜಾಡಿಗಳ ಚೂರುಗಳೂ ದೊರೆತುವು. ಸಮುದ್ರದಾಚೆಯ ಮದ್ಯದ ರುಚಿಯನ್ನು ನೋಡಿಯೇ ಕೊಳ್ಳುವುದು ಎಲ್ಲರಿಗೂ ಸಾಧ್ಯವಲ್ಲ. ಆದುದರಿಂದ ಹುಟ್ಟಿದ ನೆಲದ ಹೆಸರೇ ಅಂದಿನ ವರ್ತಕನಿಗೂ ಗ್ರಾಹಕನಿಗೂ ನಡುವಣ ವಾಗ್ದಾನವಾಗಿದ್ದಿತು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಇಟಲಿಯ ಮಧ್ಯಭಾಗದಲ್ಲಿರುವ ಟಸ್ಕನಿ ಪ್ರಾಂತದಲ್ಲಿ ಫ್ಲಾರೆನ್ಸ್, ಸಿಯೆನಾ ಎಂಬ ಎರಡು ಪುರಾತನ ನಗರಗಳ ನಡುವೆ ಹಬ್ಬಿರುವ ಕಲ್ಲುಗುಡ್ಡಗಳ ಸೀಮೆಗೆ ಕಿಯಾಂತಿಯೆಂದು ಹೆಸರು. ರಾದ್ದಾ, ಗಾಯೋಲೆ, ಕಾಸ್ತೆಲ್ಲೀನಾ ಎಂಬ ಮೂರು ಊರುಗಳು ಅದರ ಹೃದಯಸ್ಥಾನ. ಈ ಎರಡು ನಗರಗಳೂ ಮಧ್ಯಯುಗದಲ್ಲಿ ಸ್ವತಂತ್ರ ಗಣರಾಜ್ಯಗಳಾಗಿದ್ದು ಈ ಗುಡ್ಡಗಳಿಗಾಗಿ ಬಹುಕಾಲ ಹೋರಾಡಿದುವು. ಗಡಿಯು ನಿರ್ಣಯವಾದ ಬಗೆಯನ್ನು ಕುರಿತು ಅಲ್ಲಿ ಒಂದು ಐತಿಹ್ಯವುಂಟು. ಕೋಳಿಯ ಮೊದಲ ಕೂಗಿಗೆ ಎರಡು ನಗರಗಳಿಂದಲೂ ಒಬ್ಬೊಬ್ಬ ರಾವುತನು ಹೊರಡಬೇಕು. ಅವರು ಎದುರುಬದುರಾದ ಸ್ಥಳವೇ ಗಡಿ. ಸಿಯೆನಾದವರು ತಮ್ಮ ಬಿಳಿಯ ಹುಂಜಕ್ಕೆ ಹೊಟ್ಟೆತುಂಬ ಕಾಳು ಹಾಕಿದರು. ಅದು ಸುಖವಾಗಿ ನಿದ್ರೆಹೋಯಿತು. ಫ್ಲಾರೆನ್ಸಿನವರು ತಮ್ಮ ಕರಿಯ ಹುಂಜವನ್ನು ಕತ್ತಲೆಯಲ್ಲಿ ಉಪವಾಸವಿರಿಸಿದರು. ಅದು ಬೆಳಗಾಗುವುದಕ್ಕೆ ಬಹಳ ಮುಂಚೆಯೇ ಕೂಗಿತು. ಹೀಗಾಗಿ ಅವರ ರಾವುತನು ಸಿಯೆನಾದ ಸಮೀಪದವರೆಗೂ ಬಂದುಬಿಟ್ಟನು. ಕಿಯಾಂತಿ ಬಹುಮಟ್ಟಿಗೆ ಫ್ಲಾರೆನ್ಸಿನ ಪಾಲಾಯಿತು. ಕಥೆ ಹೇಗಾದರೂ ಇರಲಿ, ೧೪ನೆಯ ಶತಮಾನದಲ್ಲಿ ಆ ಮೂರು ಊರುಗಳು ಸೇರಿದ್ದ ಕೂಟಕ್ಕೆ ಕರಿಯ ಹುಂಜವೇ ಲಾಂಛನವಾಗಿದ್ದುದು ಚರಿತ್ರೆ.

ಕಿಯಾಂತಿಯ ಮದ್ಯವನ್ನು ಹೆಸರಿಸುವ ಅತಿ ಹಳೆಯ ದಾಖಲೆಗಳಲ್ಲೊಂದು ೧೩೯೮ನೆಯ ಇಸವಿಯದು. ಪ್ರಾತೊ ನಗರದ ದೊಡ್ಡ ವರ್ತಕನಾದ ಫ್ರಾಂಚೆಸ್ಕೊ ದಾತೀನಿಯ ಕಾಗದಪತ್ರಗಳಲ್ಲಿ ಅದು ಉಳಿದುಬಂದಿದೆ. ಅಲ್ಲಿ ಹೇಳಿರುವ ಕಿಯಾಂತಿ ಬಿಳಿಯದೆಂಬುದು ಕುತೂಹಲಕರವಾದ ಸಂಗತಿ. ಅಂದಿಗೆ ಆ ಹೆಸರು ಬಣ್ಣವನ್ನೂ ಹೇಳುತ್ತಿರಲಿಲ್ಲ, ಹಣ್ಣಿನ ಜಾತಿಯನ್ನೂ ಹೇಳುತ್ತಿರಲಿಲ್ಲ. ಆ ಗುಡ್ಡಗಳಲ್ಲಿ ಹುಟ್ಟಿದ್ದೆಂದು ಮಾತ್ರ ಹೇಳುತ್ತಿದ್ದಿತು. ಇದು ಕೇವಲ ಯೌಗಿಕಾವಸ್ಥೆ.

ಹೆಸರಿಗೆ ಬೆಲೆ ಬಂದೊಡನೆ ಅದನ್ನು ಕದಿಯುವವರೂ ಹುಟ್ಟಿಕೊಳ್ಳುವುದು ಲೋಕಸ್ವಭಾವ. ೧೭ನೆಯ ಶತಮಾನದ ಕೊನೆಯ ಹೊತ್ತಿಗೆ ಟಸ್ಕನಿಯ ಮದ್ಯವು ಹಡಗುಗಳಲ್ಲಿ ಇಂಗ್ಲೆಂಡಿಗೂ ಹೋಗುತ್ತಿದ್ದಿತು. ಮೆದಿಚಿ ವಂಶದ ಮಹಾಪ್ರಭುವಾದ ಮೂರನೆಯ ಕೊಸಿಮೊ ೧೭೧೬ನೆಯ ಸೆಪ್ಟೆಂಬರ್ ೨೪ರಂದು ಒಂದು ಶಾಸನವನ್ನು ಹೊರಡಿಸಿ ಕಿಯಾಂತಿ, ಪೊಮೀನೊ, ಕಾರ್ಮಿನ್ಯಾನೊ, ಮೇಲಣ ಆರ್ನೊ ಕಣಿವೆ ಎಂಬ ನಾಲ್ಕು ಸೀಮೆಗಳ ಎಲ್ಲೆಗಳನ್ನು ಊರೂರ ಹೆಸರು ಹಿಡಿದು ಗೊತ್ತುಮಾಡಿದನು. ಮೇಲೆ ಹೇಳಿದ ಮೂರು ಊರುಗಳೊಡನೆ ಗ್ರೇವೆ, ಪಾಂಜಾನೊಗಳು ಕಿಯಾಂತಿಯ ಎಲ್ಲೆಯೊಳಗೆ ಸೇರಿದುವು. ಎಲ್ಲೆಯ ಹೊರಗೆ ಬೆಳೆದುದನ್ನು ಒಳಗಿನದೆಂದು ಮಾರುವುದು ಅಪರಾಧವಾಯಿತು. ಹಂಗೇರಿಯ ತೊಕಾಯ್ ಸೀಮೆಗೆ ೧೭೩೭ರಲ್ಲಿಯೂ ಪೋರ್ಚುಗಲ್ಲಿನ ದೌರು ಕಣಿವೆಗೆ ೧೭೫೬ರಲ್ಲಿಯೂ ಇಂಥ ಏರ್ಪಾಡುಗಳು ಬಂದುವು. ಅವೆರಡಕ್ಕೂ ಕೊಸಿಮೊವಿನ ಶಾಸನವೇ ಹಿರಿಯದು. ಯೌಗಿಕ ಶಬ್ದಕ್ಕೆ ರಾಜಮುದ್ರೆಯು ಬಿದ್ದುದು ಹೀಗೆ.

ಆದರೆ ಎಲ್ಲೆಯನ್ನು ಹೇಳಿದ ಮಾತ್ರಕ್ಕೆ ವಸ್ತುವಿನ ಲಕ್ಷಣವನ್ನು ಹೇಳಿದಂತಾಗಲಿಲ್ಲ. ಆ ಕೊರತೆಯನ್ನು ತುಂಬಿದವನು ಬೆತ್ತಿನೊ ರಿಕಾಸೊಲಿ. ಇವನು ಹುಟ್ಟಿದ್ದು ೧೮೦೯ರಲ್ಲಿ. ಗಾಯೋಲೆಯ ಬಳಿಯ ಬ್ರೋಲಿಯೊ ದುರ್ಗವು ೧೧೪೧ರಿಂದಲೂ ಇವನ ವಂಶದವರದು. ಕಾವೂರನ ತರುವಾಯ ೧೮೬೧ರಲ್ಲಿ ಇವನು ಏಕೀಕೃತ ಇಟಲಿಯ ಎರಡನೆಯ ಪ್ರಧಾನಮಂತ್ರಿಯಾದನು. ೧೮೬೬ರಲ್ಲಿ ಮತ್ತೊಮ್ಮೆ ಆ ಪದವಿಗೆ ಬಂದನು. ನಡೆನುಡಿಗಳ ಕಾಠಿಣ್ಯದಿಂದ ಜನರು ಇವನನ್ನು ‘ಉಕ್ಕಿನ ಬ್ಯಾರನ್’ ಎಂದು ಕರೆದರು. ರಾಜ್ಯಭಾರದಲ್ಲಿ ತೋರಿದ ನಿಷ್ಠೆಯನ್ನೇ ಇವನು ದ್ರಾಕ್ಷಿತೋಟದಲ್ಲಿಯೂ ತೋರಿದನು. ಫ್ರಾನ್ಸ್ ದೇಶವನ್ನು ಸಂಚರಿಸಿ ಅಲ್ಲಿಯ ಕ್ರಮಗಳನ್ನು ನೋಡಿಬಂದು, ದಶಕಗಳ ಕಾಲ ಪರೀಕ್ಷೆಗಳನ್ನು ನಡೆಸಿ, ಅವುಗಳ ಫಲವನ್ನು ೧೮೭೨ರಲ್ಲಿ ಪೀಸಾ ವಿಶ್ವವಿದ್ಯಾನಿಲಯದ ಅಧ್ಯಾಪಕನಾದ ಚೆಸಾರೆ ಸ್ತುದಿಯಾತಿಗೆ ಒಂದು ಪತ್ರದಲ್ಲಿ ತಿಳಿಸಿದನು.

ಆ ಪತ್ರದ ತಾತ್ಪರ್ಯವಿಷ್ಟು. ಮದ್ಯಕ್ಕೆ ಪರಿಮಳವನ್ನೂ ಕಸುವನ್ನೂ ಕೊಡುವುದು ಸಾಂಜೊವೇಸೆ ಎಂಬ ಕಪ್ಪು ದ್ರಾಕ್ಷಿ, ಅದೇ ಮುಖ್ಯ. ಅದರ ಒರಟುತನವನ್ನು ಮೆದುಗೊಳಿಸುವುದಕ್ಕೆ ಕನಯೋಲೊ ಎಂಬ ಮತ್ತೊಂದು ಕಪ್ಪು ದ್ರಾಕ್ಷಿಯನ್ನು ಬೆರೆಸಬೇಕು. ಮಾಲ್ವಸೀಯವೆಂಬ ಬಿಳಿಯ ದ್ರಾಕ್ಷಿಯು ಮದ್ಯವನ್ನು ತೆಳುವಾಗಿಸಿ ದಿನದಿನದ ಊಟಕ್ಕೆ ಒದಗುವಂತೆ ಮಾಡುತ್ತದೆ. ಬಹುಕಾಲ ಇಟ್ಟು ಹಳೆಯದಾಗಿಸಬೇಕಾದ ಮದ್ಯದಲ್ಲಿ ಅದನ್ನು ಬಿಟ್ಟರೇ ಒಳ್ಳೆಯದು. ಸಾಂಜೊವೇಸೆ ಶಬ್ದಕ್ಕೆ ‘ಜೋವನ ರಕ್ತ’ವೆಂದು ಅರ್ಥ ಹೇಳುವುದುಂಟು; ಜೋವನೆಂದರೆ ಜುಪಿಟರ್, ನಮ್ಮ ವೇದದ ದ್ಯೌಷ್ಪಿತೃವಿನ ಜ್ಞಾತಿ. ರಿಕಾಸೊಲಿಯ ಪತ್ರದಿಂದ ಕಿಯಾಂತಿ ಶಬ್ದಕ್ಕೆ ಜನ್ಮಸ್ಥಾನದೊಡನೆ ಲಕ್ಷಣವೂ ಕೂಡಿಬಂದಿತು. ಅದು ಯೋಗರೂಢವಾಗುವುದಕ್ಕೆ ಇನ್ನೇನೂ ಅಡ್ಡಿಯಿರಲಿಲ್ಲವೆಂದು ತೋರುತ್ತದೆ.

ಆದರೆ ನಡುವೆ ಒಂದು ಬುರುಡೆಯು ಅಡ್ಡಬಂದಿತು. ಟಸ್ಕನಿಯ ಗಾಜುಗಾರರು ಗುಂಡುತಳದ ತೆಳುವಾದ ಬುರುಡೆಗಳನ್ನು ಊದಿ ತೆಗೆಯುತ್ತಿದ್ದರು. ನಿಲ್ಲದ ಆ ತಳಕ್ಕೆ ಆಸರೆಯಾಗುವಂತೆಯೂ ಸಾಗಿಸುವಾಗ ಒಡೆಯದಂತೆಯೂ ಹೆಂಗಸರು ಅದಕ್ಕೆ ಜವುಗುನೆಲದ ಹುಲ್ಲನ್ನು ಹೆಣೆದು ಕವಚ ತೊಡಿಸುತ್ತಿದ್ದರು. ಇದಕ್ಕೆ ‘ಫಿಯಾಸ್ಕೊ’ ಎಂದು ಹೆಸರು. ಗಾಳಿ ತಾಕದಿರಲೆಂದು ಮದ್ಯದ ಮೇಲೆ ಒಂದು ಪದರ ಆಲಿವ್ ಎಣ್ಣೆಯನ್ನು ಹೊಯ್ಯುವುದು ಹಳೆಯ ಪದ್ಧತಿ. ೧೮೬೦ರಲ್ಲಿ ಲಾಬೊರೆಲ್ ಮೆಲೀನಿ ಎಂಬವನು ಯಂತ್ರದಿಂದ ಬಿರಡೆಯನ್ನು ಒತ್ತಿದರೂ ಸೀಳದಂಥ ಗಟ್ಟಿಯಾದ ಬುರುಡೆಯನ್ನು ಬಳಕೆಗೆ ತಂದಮೇಲೆ ಕಿಯಾಂತಿಯು ಸಮುದ್ರಗಳನ್ನು ಸುಲಭವಾಗಿ ದಾಟತೊಡಗಿತು. ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ವಲಸೆಹೋದ ಇಟಲಿಯ ಜನರಿಗೆ ಆ ಹುಲ್ಲುಬುರುಡೆಯು ತಾಯ್ನಾಡಿನ ಗುರುತಾಯಿತು. ಹುಲ್ಲಿನ ಕವಚವುಳ್ಳ ಕೆಂಪು ಮದ್ಯವೆಲ್ಲವೂ ಕಿಯಾಂತಿಯೆಂದು ಲೋಕವು ಎಣಿಸಿತು. ಟಸ್ಕನಿಯ ಬೇರೆ ಸೀಮೆಗಳವರೂ ಆ ಹೆಸರನ್ನು ಹಚ್ಚಿದರು. ಕ್ಯಾಲಿಫೋರ್ನಿಯದಲ್ಲಿ ಬೆಳೆದ ಮದ್ಯಕ್ಕೂ ಆ ಹೆಸರು ಬಂದಿತು. ಅಮೆರಿಕದ ಕಾನೂನು ಕಿಯಾಂತಿಯನ್ನು ಅರೆಸಾಮಾನ್ಯ ನಾಮಗಳ ಪಟ್ಟಿಯಲ್ಲಿ ಸೇರಿಸಿದ್ದಿತು. ೨೦೦೬ರ ಒಡಂಬಡಿಕೆಯಿಂದ ಅಲ್ಲಿ ಹೊಸಬರು ಆ ಹೆಸರನ್ನು ಬಳಸುವುದು ನಿಂತಿತಾದರೂ ಮೊದಲಿನಿಂದ ಬಳಸುತ್ತಿದ್ದವರಿಗೆ ವಿನಾಯಿತಿ ದೊರೆಯಿತು. ಹೀಗೆ ಯೌಗಿಕವಾಗಿದ್ದ ಶಬ್ದವು ಮಂಡಪದಂತೆ ಕೇವಲ ರೂಢವಾಯಿತು, ಅವಯವಾರ್ಥವು ಜಾರಿಹೋಯಿತು.

ಮೂಲಸೀಮೆಯವರು ಸುಮ್ಮನಿರಲಿಲ್ಲ. ೧೯೨೪ನೆಯ ಮೇ ೧೪ರಂದು ೩೩ ಮಂದಿ ಬೆಳೆಗಾರರು ರಾದ್ದಾದಲ್ಲಿ ಸೇರಿ ಹೆಸರಿನ ರಕ್ಷಣೆಗಾಗಿ ಒಂದು ಸಂಘವನ್ನು ಕಟ್ಟಿ, ಹಳೆಯ ಕರಿಯ ಹುಂಜವನ್ನೇ ಲಾಂಛನವಾಗಿ ಇರಿಸಿಕೊಂಡರು. ಆದರೆ ಸರ್ಕಾರವು ೧೯೩೨ರಲ್ಲಿ ಹೊರಡಿಸಿದ ಆಜ್ಞೆಯು ಅವರ ಆಸೆಯನ್ನು ಅರ್ಧಮಾತ್ರ ಈಡೇರಿಸಿತು. ಸುತ್ತಣ ಆರು ಸೀಮೆಗಳಿಗೂ ಕಿಯಾಂತಿಯೆಂಬ ಹೆಸರನ್ನು ಕೊಟ್ಟು, ಮೂಲಸೀಮೆಯನ್ನೂ ಹಿಗ್ಗಿಸಿ, ಅದಕ್ಕೆ ‘ಕ್ಲಾಸಿಕೊ’ ಎಂಬ ವಿಶೇಷಣವನ್ನು ಸೇರಿಸಿದರು. ಮನೆಯ ಹೆಸರನ್ನು ಕೇರಿಗೆಲ್ಲ ಹಂಚಿ, ಮನೆಯ ಯಜಮಾನನಿಗೆ ಒಂದು ಬಿರುದನ್ನು ಕೊಟ್ಟು ಸಮಾಧಾನಪಡಿಸಿದಂತಾಯಿತು. ಇಂದಿಗೂ ಬರಿಯ ಕಿಯಾಂತಿ ಬೇರೆ, ಕಿಯಾಂತಿ ಕ್ಲಾಸಿಕೊ ಬೇರೆ. ಸೀಸೆಯನ್ನು ಕೊಳ್ಳುವವನು ಮೊದಲು ಗಮನಿಸಬೇಕಾದ ಭೇದವು ಇದೇ.

ಈ ಮದ್ಯವನ್ನು ಬೆಳೆದವರ ಸ್ಥಿತಿಯನ್ನೂ ಇಲ್ಲಿ ಹೇಳದಿರುವುದು ಉಚಿತವಲ್ಲ. ನಮ್ಮಲ್ಲಿ ವಾರ, ಕೋರು ಎಂದು ಕರೆಯುವ ಪಾಲಿನ ಬೇಸಾಯವೇ ಟಸ್ಕನಿಯಲ್ಲಿ ಶತಮಾನಗಳ ಕಾಲ ನಡೆಯುತ್ತಿದ್ದಿತು. ಅಲ್ಲಿ ಅದಕ್ಕೆ ‘ಮೆಜ್ಜದ್ರಿಯ’ ಎಂದು ಹೆಸರು. ಒಕ್ಕಲು ಮನೆಮಂದಿಯೊಡನೆ ದುಡಿದು ಫಸಲಿನ ಅರ್ಧವನ್ನು ಒಡೆಯನಿಗೆ ಅಳೆಯಬೇಕು. ತನ್ನ ಪಾಲಿನಿಂದಲೇ ವರ್ಷವೆಲ್ಲ ಹೊಟ್ಟೆ ಹೊರೆಯಬೇಕಾದ ಅವನು ಒಂದೇ ನೆಲದಲ್ಲಿ ಗೋದಿಯನ್ನು ಬಿತ್ತಿ, ಬದುಗಳಲ್ಲಿ ಆಲಿವ್ ಮರಗಳನ್ನು ನೆಟ್ಟು, ಮರಗಳಿಗೆ ದ್ರಾಕ್ಷಿಯ ಬಳ್ಳಿಯನ್ನು ಹಬ್ಬಿಸುತ್ತಿದ್ದನು. ಅವನಿಗೆ ಬೇಕಾದುದು ಹಣ್ಣಿನ ತೂಕ; ಗುಣವನ್ನು ನೋಡುವುದಕ್ಕೆ ಅವನಿಗೆ ಅವಕಾಶವಾದರೂ ಎಲ್ಲಿ? ಎರಡನೆಯ ಮಹಾಯುದ್ಧವು ಮುಗಿದಮೇಲೆ ಒಕ್ಕಲುಗಳು ಗುಂಪುಗುಂಪಾಗಿ ಹಳ್ಳಿಗಳನ್ನು ಬಿಟ್ಟು ಕಾರ್ಖಾನೆಗಳ ಊರುಗಳಿಗೆ ಹೊರಟುಹೋದರು. ೧೯೬೪ರಲ್ಲಿ ಶಾಸನದ ಮೂಲಕ ಹೊಸ ಪಾಲುಗುತ್ತಿಗೆಗಳು ನಿಷಿದ್ಧವಾದುವು. ಬಿಟ್ಟುಹೋದ ಬೆಟ್ಟಗಳಲ್ಲಿ ಒಡೆಯರು ಅವಸರವಾಗಿ ಹೊಸ ತೋಟಗಳನ್ನು ಹಾಕಿಸಿದರು. ಹೆಚ್ಚು ಇಳುವರಿ ಕೊಡುವ ತಳಿಗಳನ್ನೇ ಹುಡುಕಿ ನೆಟ್ಟರು.

ಇದೇ ಕಾಲದಲ್ಲಿ ಒಂದು ವಿಚಿತ್ರವಾದ ತಪ್ಪು ನಡೆಯಿತು. ಇಟಲಿಯು ೧೯೬೩ರಲ್ಲಿ ಮದ್ಯಗಳ ಮೂಲನಾಮವನ್ನು ರಕ್ಷಿಸುವ ಶಾಸನವನ್ನು ಮಾಡಿತು. ಅದರ ಮೇರೆಗೆ ೧೯೬೭ರಲ್ಲಿ ಕಿಯಾಂತಿಗೆ ನಿಯಮಗಳು ರಚಿತವಾದುವು. ಕಿಯಾಂತಿಯೆಂದು ಮಾರಬೇಕಾದರೆ ನೂರಕ್ಕೆ ೧೦ರಿಂದ ೩೦ರವರೆಗೆ ಬಿಳಿಯ ದ್ರಾಕ್ಷಿಯು ಇರಲೇಬೇಕೆಂದು ಅವುಗಳಲ್ಲಿ ವಿಧಿಸಿದರು. ದಿನಬಳಕೆಯ ಮದ್ಯಕ್ಕೆ ಮಾತ್ರವೆಂದು ರಿಕಾಸೊಲಿ ಹೇಳಿದ್ದುದನ್ನು ಎಲ್ಲಕ್ಕೂ ಅನ್ವಯಿಸಿದರು. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ ವಿಕಲ್ಪವನ್ನು ನಿತ್ಯವಿಧಿಯನ್ನಾಗಿ ಮಾಡಿದರು. ಅದರಲ್ಲಿಯೂ ಮಾಲ್ವಸೀಯಕ್ಕೆ ಬದಲಾಗಿ ಹೇರಳವಾಗಿ ಬೆಳೆದು ಹೆಚ್ಚೇನೂ ರುಚಿಯಿಲ್ಲದ ತ್ರೆಬ್ಬಿಯಾನೊ ಎಂಬ ಬಿಳಿಯ ದ್ರಾಕ್ಷಿಯೇ ಬಹಳವಾಗಿ ಸೇರುತ್ತಿದ್ದಿತು. ಹಾಲಿಗೆ ನೀರು ಬೆರೆಸುವುದನ್ನು ತಡೆಯಬೇಕಾದ ಕಾನೂನೇ ಇಷ್ಟು ನೀರನ್ನು ಬೆರೆಸತಕ್ಕದ್ದೆಂದು ಅಪ್ಪಣೆಮಾಡಿದರೆ ಪ್ರಾಮಾಣಿಕನ ಗತಿಯೇನು?

ಪ್ರಾಮಾಣಿಕರು ಹೆಸರನ್ನೇ ತೊರೆದರು. ಫ್ಲಾರೆನ್ಸಿನ ಮದ್ಯವರ್ತಕರ ಶ್ರೇಣಿಯಲ್ಲಿ ೧೩೮೫ರಿಂದಲೂ ಹೆಸರುಳ್ಳ ಅಂತಿನೋರಿ ಮನೆತನದವರು ತಮ್ಮ ತಿನ್ಯನೆಲ್ಲೊ ತೋಟದ ಮದ್ಯವನ್ನು ೧೯೭೧ರ ಸುಗ್ಗಿಯಿಂದ ಕಿಯಾಂತಿಯೆಂದು ಕರೆಯುವುದನ್ನು ಬಿಟ್ಟರು. ಕ್ರಮೇಣ ಬಿಳಿಯ ದ್ರಾಕ್ಷಿಯನ್ನೂ ಪೂರ್ಣವಾಗಿ ತ್ಯಜಿಸಿದರು. ಅದಕ್ಕಿಂತ ಹೆಚ್ಚಿನ ವಿಪರ್ಯಾಸವು ರಾದ್ದಾದ ಸೆರ್ಜಿಯೊ ಮನೆತ್ತಿಯದು. ಅವನು ೧೯೭೭ರ ಸುಗ್ಗಿಯಿಂದ ತನ್ನ ಮೊಂತೆವೆರ್ತಿನೆ ತೋಟದಲ್ಲಿ ಬರಿಯ ಸಾಂಜೊವೇಸೆಯಿಂದ ‘ಲೆ ಪೆರ್ಗೊಲೆ ತೊರ್ತೆ’ ಎಂಬ ಮದ್ಯವನ್ನು ತಯಾರಿಸಿದನು. ಕಿಯಾಂತಿಯ ಮೂಲ ಮೂರು ಊರುಗಳಲ್ಲೊಂದರಲ್ಲಿ, ಕಿಯಾಂತಿಯ ಮುಖ್ಯ ದ್ರಾಕ್ಷಿಯೊಂದರಿಂದಲೇ ಆದ ಆ ಮದ್ಯಕ್ಕೆ ಕಿಯಾಂತಿಯೆಂಬ ಹೆಸರು ನಿಷಿದ್ಧವಾಗಿದ್ದಿತು! ಇಂಥ ಶ್ರೇಷ್ಠ ಮದ್ಯಗಳು ಊಟದ ಮೇಜಿನ ಮದ್ಯವೆಂಬ ಅತ್ಯಂತ ಕೆಳಗಿನ ಕಾನೂನುಪದವಿಯಲ್ಲಿದ್ದುಕೊಂಡೇ ಅತ್ಯಂತ ಹೆಚ್ಚಿನ ಬೆಲೆಗೆ ಮಾರಾಟವಾದುವು. ರಾಜನಾಮವನ್ನು ಹೊತ್ತ ತೆಳುಮದ್ಯವು ಹುಲ್ಲುಬುರುಡೆಗಳಲ್ಲಿ ಅಗ್ಗವಾಗಿ ಬಿಕರಿಯಾಗುತ್ತಿದ್ದಿತು. ಮದ್ಯ ಮುಗಿದಮೇಲೆ ಬುರುಡೆಯ ಬಾಯಿಗೆ ಮೇಣದಬತ್ತಿಯನ್ನು ಸಿಕ್ಕಿಸಿ ಭೋಜನಶಾಲೆಗಳನ್ನು ಅಲಂಕರಿಸುತ್ತಿದ್ದರು. ಇಟಲಿಯ ಭಾಷೆಯಲ್ಲಿ ಮುಗ್ಗರಿಸಿ ವಿಫಲವಾಗುವುದಕ್ಕೂ ಫಿಯಾಸ್ಕೊ ಎಂದೇ ಹೇಳುತ್ತಾರೆ. ಶ್ಲೇಷೆಯು ತಾನಾಗಿಯೇ ಒದಗಿತು.

ಅಗ್ಗದ ಆಸೆಯು ಎಲ್ಲಿಗೆ ಮುಟ್ಟಬಲ್ಲದೆಂಬುದು ೧೯೮೬ರ ಮಾರ್ಚ್ ತಿಂಗಳಿನಲ್ಲಿ ಲೋಕಕ್ಕೆ ಗೊತ್ತಾಯಿತು. ಅದು ಕಿಯಾಂತಿಯಲ್ಲಿ ನಡೆದುದಲ್ಲ, ಉತ್ತರ ಇಟಲಿಯಲ್ಲಿ ನಡೆದುದು. ಆದರೂ ಇಟಲಿಯ ಮದ್ಯದ ಚರಿತ್ರೆಯಲ್ಲಿ ಅದನ್ನು ಮರೆಯುವಂತಿಲ್ಲ. ಸಾರವಿಲ್ಲದ ಮದ್ಯಕ್ಕೆ ಕಸುವನ್ನು ತೋರಿಸುವುದಕ್ಕಾಗಿ ಕೆಲವು ಲೋಭಿಗಳು ಮೀಥೈಲ್ ಆಲ್ಕೊಹಾಲ್ ಎಂಬ ವಿಷವನ್ನು ಬೆರೆಸಿ ಮಾರಿದರು. ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಹಲವರು ಕಣ್ಣುಗಳನ್ನು ಕಳೆದುಕೊಂಡರು. ಸತ್ತವರು ಧನಿಕರ ವಿಲಾಸಪಾನವನ್ನು ಬಯಸಿದವರಲ್ಲ. ಊಟದ ಜೊತೆಗೆ ಕಡಮೆ ಬೆಲೆಯ ಮದ್ಯವನ್ನು ಕೊಂಡ ಸಾಮಾನ್ಯರು. ಇಟಲಿಯ ಮದ್ಯಕ್ಕೆ ಹೊರದೇಶಗಳ ಬಾಗಿಲುಗಳು ಕೆಲವು ಕಾಲ ಮುಚ್ಚಿದಂತಾದುವು. ನ್ಯಾಯವಾದ ಅಗ್ಗಕ್ಕೂ ಒಂದು ತಳವುಂಟು. ಅದಕ್ಕಿಂತ ಕೆಳಗಿಳಿದ ಬೆಲೆಯಲ್ಲಿ ಉಳಿದ ಹಣವನ್ನು ಕೊಳ್ಳುವವನು ತನ್ನ ದೇಹದಿಂದ ತೆರಬೇಕಾಗುತ್ತದೆ. ಕಳ್ಳಭಟ್ಟಿಯ ದುರಂತಗಳನ್ನು ಕಂಡಿರುವ ನಮ್ಮ ನಾಡಿನವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಪತನದ ತರುವಾಯ ಜೀರ್ಣೋದ್ಧಾರವೂ ನಡೆಯಿತೆಂಬುದು ಸಂತೋಷದ ವಿಷಯ. ೧೯೮೪ರಲ್ಲಿ ಕಿಯಾಂತಿಗೆ ಮೂಲನಾಮಗಳ ಅತ್ಯುನ್ನತ ಪದವಿ ದೊರೆತು ಬಿಳಿಯ ದ್ರಾಕ್ಷಿಯ ಕಡ್ಡಾಯವು ಬಹುಮಟ್ಟಿಗೆ ಸಡಿಲಿತು. ಸಾಂಜೊವೇಸೆಯ ತಳಿಗಳನ್ನು ಆರಿಸಿ ಪರೀಕ್ಷಿಸುವ ‘ಕಿಯಾಂತಿ ಕ್ಲಾಸಿಕೊ ೨೦೦೦’ ಎಂಬ ಸಂಶೋಧನಕಾರ್ಯವು ೧೯೮೦ರ ದಶಕದ ಕೊನೆಯಲ್ಲಿ ಆರಂಭವಾಯಿತು. ೧೯೯೬ರಲ್ಲಿ ಕ್ಲಾಸಿಕೊ ಸೀಮೆಗೆ ಪ್ರತ್ಯೇಕವಾದ ನಿಯಮಾವಳಿ ಬಂದು, ಬರಿಯ ಸಾಂಜೊವೇಸೆಯಿಂದಲೂ ಅದನ್ನು ತಯಾರಿಸಬಹುದೆಂದಾಯಿತು. ೨೦೦೬ರ ಸುಗ್ಗಿಯಿಂದ ಕ್ಲಾಸಿಕೊದಲ್ಲಿ ಬಿಳಿಯ ದ್ರಾಕ್ಷಿಯು ಸಂಪೂರ್ಣವಾಗಿ ನಿಷಿದ್ಧವಾಯಿತು. ಇಂದು ಕ್ಲಾಸಿಕೊದಲ್ಲಿ ನೂರಕ್ಕೆ ೮೦ಕ್ಕೆ ಕಡಮೆಯಿಲ್ಲದಂತೆ ಸಾಂಜೊವೇಸೆಯಿರಬೇಕು. ಬರಿಯ ಕಿಯಾಂತಿಯಲ್ಲಿ ಸಾಮಾನ್ಯವಾಗಿ ೭೦ಕ್ಕೆ ಕಡಮೆಯಿರಬಾರದು. ಹುಟ್ಟಿದ ನೆಲವೂ ಗೊತ್ತಾದ ಲಕ್ಷಣವೂ ಮತ್ತೆ ಕೂಡಿಬಂದು ಆ ಹೆಸರು ಪಂಕಜದಂತೆ ಯೋಗರೂಢವಾಗುವ ಹಾದಿಯಲ್ಲಿದೆಯೆನ್ನಬಹುದು.

ಈ ಚರಿತ್ರೆಯಿಂದ ಕೊಳ್ಳುವವನಿಗೇನು ಪ್ರಯೋಜನವೆಂದರೆ, ಬೆಲೆಯು ಹೇಗೆ ಕಟ್ಟಲ್ಪಡುತ್ತದೆಂಬುದನ್ನು ಅವನು ಅರಿಯಬಹುದು. ಸೀಸೆಯ ಬೆಲೆಯಲ್ಲಿ ಮೂರು ಪಾಲುಗಳಿರುತ್ತವೆ: ಹಣ್ಣಿನದೊಂದು, ಕಾಲದ್ದೊಂದು, ಹೆಸರಿನದೊಂದು. ಕ್ಲಾಸಿಕೊದ ದಕ್ಷಿಣಕ್ಕಿರುವ ಮೊಂತಾಲ್ಚೀನೊ ಎಂಬ ಊರಿನ ‘ಬ್ರುನೆಲ್ಲೊ’ ಮದ್ಯವು ಬರಿಯ ಸಾಂಜೊವೇಸೆಯದೇ. ಸುಗ್ಗಿಯಾದ ವರ್ಷದ ತರುವಾಯ ಐದನೆಯ ವರ್ಷದ ಜನವರಿಯವರೆಗೆ ಅದನ್ನು ಮಾರುವಂತಿಲ್ಲ. ಅಷ್ಟು ಕಾಲ ಮದ್ಯವನ್ನು ನೆಲಮಾಳಿಗೆಯಲ್ಲಿ ಕಾಪಾಡಿದವನು ಅದರ ಬಡ್ಡಿಯನ್ನು ಸೇರಿಸಿಯೇ ಬೆಲೆ ಹೇಳುತ್ತಾನೆ. ಊರಿನ ಕೀರ್ತಿಯೂ ಅದರ ಮೇಲೆ ಕೂರುತ್ತದೆ. ಅದೇ ಊರಿನ, ಅದೇ ದ್ರಾಕ್ಷಿಯ ‘ರೊಸ್ಸೊ ದಿ ಮೊಂತಾಲ್ಚೀನೊ’ ಎಂಬುದನ್ನು ಸುಗ್ಗಿಯ ಮರುವರ್ಷವೇ ಮಾರಬಹುದು. ಅದರಲ್ಲಿ ಕಾಲದ ಪಾಲು ಕಡಮೆ, ಹೆಸರಿನ ಪಾಲು ಇನ್ನೂ ಕಡಮೆ. ಹಾಗೆಯೇ ಫ್ಲಾರೆನ್ಸಿನ ಪೂರ್ವಕ್ಕೆ ಸಿಯೇವೆ ನದಿಯ ಕಣಿವೆಯಲ್ಲಿರುವ ರೂಫಿನಾ ಎಂಬುದು ೧೯೩೨ರಲ್ಲಿ ಸೇರಿದ ಆರು ಸೀಮೆಗಳಲ್ಲೊಂದು. ಕೊಸಿಮೊ ೧೭೧೬ರಲ್ಲಿ ಎಲ್ಲೆಕಟ್ಟಿದ ಪೊಮೀನೊ ಇದರ ನೆರೆಯಲ್ಲಿಯೇ ಇದೆ. ತಂಪಾದ ಎತ್ತರದ ನೆಲದಲ್ಲಿ ಬೆಳೆದ ಇಲ್ಲಿಯ ಮದ್ಯವು ಬಹುಕಾಲ ನಿಲ್ಲುವ ಗುಣವುಳ್ಳದ್ದು. ಆದರೂ ಕ್ಲಾಸಿಕೊದಷ್ಟು ಹೆಸರಿಲ್ಲದುದರಿಂದ ಸಾಮಾನ್ಯವಾಗಿ ಅದಕ್ಕಿಂತ ಕಡಮೆ ಬೆಲೆಗೆ ಸಿಕ್ಕುತ್ತದೆ. ವಸ್ತುವು ಹೆಸರನ್ನು ಮೀರಿ ಬೆಳೆದಿರುವಲ್ಲಿ ಕೊಳ್ಳುವವನಿಗೆ ಲಾಭ. ಹೆಸರು ವಸ್ತುವನ್ನು ಮೀರಿ ಬೆಳೆದಿರುವಲ್ಲಿ ಅಗ್ಗವಾಗಿ ಕೊಂಡರೂ ನಷ್ಟ. ಹೊರದೇಶಗಳಲ್ಲಿ ನೆಲೆಸಿ ಅಲ್ಲಿಯ ಪದ್ಧತಿಯಂತೆ ಅತಿಥಿಗಳನ್ನು ಸತ್ಕರಿಸಬೇಕಾದ ನಮ್ಮ ಮಕ್ಕಳಿಗೆ ಈ ಒಂದು ಸೂತ್ರವು ಸಾಕು.

ಹೆಸರುಗಳ ಗೊಂದಲಕ್ಕೂ ಒಂದು ಉದಾಹರಣೆಯನ್ನು ಹೇಳಬೇಕು. ಮೊಂತೆಪುಲ್ಚಾನೊ ಎಂಬುದು ಟಸ್ಕನಿಯ ಒಂದು ಊರು. ಅಲ್ಲಿಯ ‘ವೀನೊ ನೋಬಿಲೆ’ ಮದ್ಯದ ಮುಖ್ಯ ದ್ರಾಕ್ಷಿ ಸಾಂಜೊವೇಸೆಯೇ. ಮೊಂತೆಪುಲ್ಚಾನೊ ಎಂಬುದು ಒಂದು ದ್ರಾಕ್ಷಿಯ ಜಾತಿಯೂ ಹೌದು. ಅದು ಮುಖ್ಯವಾಗಿ ಬೆಳೆಯುವುದು ಆಡ್ರಿಯಾಟಿಕ್ ಕಡಲ ಕಡೆಯ ಅಬ್ರುಜ್ಜೊ ಮೊದಲಾದ ಪ್ರಾಂತಗಳಲ್ಲಿ. ‘ಮೊಂತೆಪುಲ್ಚಾನೊ ದಬ್ರುಜ್ಜೊ’ ಎಂಬ ಮದ್ಯವು ಈ ದ್ರಾಕ್ಷಿಯದು. ಟಸ್ಕನಿಯ ಊರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಒಂದೇ ಶಬ್ದವು ಒಂದೆಡೆ ದೇಶವಾಚಕ, ಮತ್ತೊಂದೆಡೆ ಜಾತಿವಾಚಕ. ಎರಡೂ ತಮ್ಮತಮ್ಮ ರೀತಿಯಲ್ಲಿ ಒಳ್ಳೆಯವೇ. ಆದರೆ ಒಂದನ್ನು ಬಯಸಿ ಇನ್ನೊಂದನ್ನು ತಂದವನು ವರ್ತಕನನ್ನು ದೂರುವ ಮೊದಲು ಶಬ್ದಾರ್ಥವನ್ನು ವಿಚಾರಿಸಬೇಕು.

ಈ ವಿಚಾರವು ನಮ್ಮ ನಾಡಿನ ಬಾಗಿಲಿಗೂ ಬಂದಿದೆ. ೧೯೯೪ರ ಅಂತರಾಷ್ಟ್ರೀಯ ವಾಣಿಜ್ಯ ಒಡಂಬಡಿಕೆಯು ಮದ್ಯಗಳ ಊರ ಹೆಸರುಗಳಿಗೆ ಇತರ ಪದಾರ್ಥಗಳ ಹೆಸರುಗಳಿಗಿಂತ ಹೆಚ್ಚಿನ ರಕ್ಷಣೆಯನ್ನು ಕೊಟ್ಟಿತು. ಯೂರೋಪಿನ ಮದ್ಯಕ್ಕಿರುವ ಮರ್ಯಾದೆಯು ದಾರ್ಜೀಲಿಂಗಿನ ಚಹಕ್ಕೆ ಏಕಿರಬಾರದೆಂದು ಭಾರತವೂ ವಾದಿಸಿತು. ೧೯೯೯ರಲ್ಲಿ ನಮ್ಮಲ್ಲಿ ಭೌಗೋಳಿಕ ಸೂಚಿಗಳ ಶಾಸನವಾಗಿ ೨೦೦೩ರಲ್ಲಿ ಜಾರಿಗೆ ಬಂದಿತು. ಮೈಸೂರು ರೇಷ್ಮೆ, ಕೊಡಗಿನ ಕಿತ್ತಳೆ, ಮೈಸೂರು ಮಲ್ಲಿಗೆ, ನಂಜನಗೂಡಿನ ರಸಬಾಳೆ ಇವೆಲ್ಲವೂ ಆ ಶಾಸನದಂತೆ ದಾಖಲಾದ ಹೆಸರುಗಳು. ಆದರೆ ರಸಬಾಳೆಯ ತೋಟಗಳು ಸೊರಗುರೋಗಕ್ಕೆ ತುತ್ತಾಗಿ ಎಷ್ಟು ಕುಗ್ಗಿದುವೆಂಬುದು ಆ ಸೀಮೆಯವರಿಗೆ ವಿದಿತವಾಗಿದೆ. ಗಿಡವು ಕ್ಷೀಣಿಸುತ್ತಿರಲು ಹೆಸರೊಂದೇ ಬಾಳಿದರೆ, ಆ ಹೆಸರಿನಲ್ಲಿ ಬೇರೆಯ ಹಣ್ಣು ಬುಟ್ಟಿಗೆ ಬೀಳುವುದಕ್ಕೆ ತಡವಾಗುವುದಿಲ್ಲ. ಕಿಯಾಂತಿಯ ಬೆಳೆಗಾರರು ಸಂಘವನ್ನು ಕಟ್ಟಿದುದಲ್ಲದೆ ತಳಿಯನ್ನೂ ಶೋಧಿಸಿದರು. ಅದನ್ನು ನಾವೂ ಕಲಿಯತಕ್ಕುದಾಗಿದೆ.

ರಾಜಶಾಸನವು ಎಲ್ಲೆಯನ್ನು ಹೇಳಬಲ್ಲದು, ಪಂಡಿತನು ಲಕ್ಷಣವನ್ನು ಹೇಳಬಲ್ಲನು, ಸಂಘವು ಲಾಂಛನವನ್ನು ಅಂಟಿಸಬಲ್ಲದು. ಹೆಸರಿನೊಳಗೆ ಅರ್ಥವನ್ನು ತುಂಬತಕ್ಕವನು ಮಾತ್ರ ಬಳ್ಳಿಯ ಬುಡದಲ್ಲಿ ನಿಂತವನು. ಅದು ಬರಿದಾ��ದಂತೆ ಕಾಯತಕ್ಕವನು ನ್ಯಾಯವಾದ ಬೆಲೆಯನ್ನು ತಿಳಿದು ತೆರುವವನು. ಇವರಿಬ್ಬರಲ್ಲಿ ಒಬ್ಬನು ತಪ್ಪಿದರೂ ಪಂಕಜವು ಮತ್ತೆ ಬರಿಯ ಕೆಸರಾಗುತ್ತದೆ.